ಸ್ಥಾನದಿಂದ ನಾಮಕ್ಕೆ: ಗಣಕಯಂತ್ರದ ಬೂಟ್ ಕ್ರಮದ ಪರಿವರ್ತನೆ

ಹಳೆಯ ಬಯೋಸ್ ಕ್ರಮದಲ್ಲಿ ಬೂಟ್ ಆಗುವ ಗಣಕಯಂತ್ರವನ್ನು ಯುಇಎಫ್‌ಐ ಕ್ರಮಕ್ಕೆ ತಿರುಗಿಸುವುದು ಸೆಟಪ್ ಪರದೆಯ ಒಂದು ಆಯ್ಕೆಯನ್ನು ಬದಲಿಸಿದೊಡನೆ ಮುಗಿಯುವ ಕಾರ್ಯವೆಂದು ಭಾವಿಸುವವರು ಬಹುಮಂದಿ. ಹಾಗೆ ಬದಲಿಸಿ, ಬೂಟ್ ಮಾಡತಕ್ಕ ಸಾಧನವೇ ಇಲ್ಲವೆಂಬ ಸೂಚನೆಯನ್ನು ಕಂಡು, ಡಿಸ್ಕೇ ನಷ್ಟವಾಯಿತೆಂದು ಭ್ರಮಿಸುವವರೂ ಉಂಟು. ಡಿಸ್ಕಿನಲ್ಲಿ ಯಾವ ವಿಕಾರವೂ ಆಗಿರದು. ಬಯೋಸ್ ಅರಸುವುದು ಒಂದು ಸ್ಥಾನವನ್ನು, ಯುಇಎಫ್‌ಐ ಅರಸುವುದು ಹೆಸರುಳ್ಳ ಒಂದು ಕಡತವನ್ನು; ಪರಿವರ್ತನೆಯ ಮುಖ್ಯ ಕ್ಲೇಶಗಳೆಲ್ಲ ಈ ಭೇದದಿಂದಲೇ ಹುಟ್ಟಿದುವೆಂಬುದು ಪ್ರಸ್ತುತ ಲೇಖನದ ಪ್ರತಿಪಾದ್ಯ.

1981ರಲ್ಲಿ ಐಬಿಎಂ ಪಿಸಿಯೊಡನೆ ಬಂದ ಬಯೋಸಿಗೆ ಕಡತವೆಂಬುದರ ಪರಿಜ್ಞಾನವೇ ಇರಲಿಲ್ಲ. ಡಿಸ್ಕಿನ ಮೊದಲನೆಯ ಸೆಕ್ಟರಿನ 512 ಬೈಟುಗಳನ್ನು ಮೆಮೊರಿಗೆ ತಂದು, ಅಲ್ಲಿರುವ ಆದೇಶಗಳಿಗೆ ಅಧಿಕಾರವನ್ನು ಒಪ್ಪಿಸುವುದಷ್ಟೆ ಅದರ ಕರ್ತವ್ಯ. ಎಂಬಿಆರ್ ಎನಿಸಿಕೊಂಡ ಆ ಸೆಕ್ಟರಿನಲ್ಲಿ 446 ಬೈಟುಗಳು ಆದೇಶಗಳಿಗೂ, 64 ಬೈಟುಗಳು ನಾಲ್ಕು ಪಾರ್ಟಿಷನ್‌ಗಳ ಪಟ್ಟಿಗೂ, ಉಳಿದ ಎರಡು ಮುದ್ರೆಗೂ ಮೀಸಲು. ಪಟ್ಟಿಯು 32 ಬಿಟ್ಟುಗಳ ಸಂಖ್ಯೆಯಿಂದ ಸೆಕ್ಟರುಗಳನ್ನು ಎಣಿಸುವುದರಿಂದ ಸುಮಾರು 2.2 ಟೆರಾಬೈಟಿನ ಆಚೆಗೆ ಅದರ ದೃಷ್ಟಿ ಹರಿಯದು. ಗ್ರಬ್‌ನಂತಹ ಬೂಟ್‌ಲೋಡರ್ 446 ಬೈಟುಗಳಲ್ಲಿ ಅಡಗಲಾರದೆ, ಮೊದಲ ಸೆಕ್ಟರಿಗೂ ಮೊದಲ ಪಾರ್ಟಿಷನ್ನಿಗೂ ನಡುವೆ ಯಾರಿಗೂ ಸೇರದೆ ಬಿದ್ದಿದ್ದ ತೆರಪಿನಲ್ಲಿ, ಗೋಮಾಳದಲ್ಲಿ ಗುಡಿಸಲು ಹೂಡಿದಂತೆ, ತನ್ನ ಶೇಷಭಾಗವನ್ನು ನೆಲೆಗೊಳಿಸಿತು.

ಇನ್‌ಟೆಲ್ ಸಂಸ್ಥೆಯು 1998ರ ಸುಮಾರಿಗೆ ಇಟಾನಿಯಮ್ ಯಂತ್ರಗಳಿಗಾಗಿ ಆರಂಭಿಸಿದ ಪ್ರಯತ್ನವು ಇಎಫ್‌ಐ ಆಗಿ ಬೆಳೆದು, 2005ರಲ್ಲಿ ಹಲವು ಸಂಸ್ಥೆಗಳ ಸಾಮಾನ್ಯ ವೇದಿಕೆಯ ವಶವಾಗಿ ಯುಇಎಫ್‌ಐ ಎನಿಸಿಕೊಂಡಿತು. ಈ ಫರ್ಮ್‌ವೇರ್ ಫ್ಯಾಟ್ ಕಡತವ್ಯವಸ್ಥೆಯನ್ನು ತಾನೇ ಓದಬಲ್ಲುದು. ಯಾವ ಪಾರ್ಟಿಷನ್ನಿನ ಯಾವ ಕಡತವನ್ನು ನಡೆಸಬೇಕೆಂಬುದನ್ನು ಮದರ್‌ಬೋರ್ಡಿನಲ್ಲಿ ಅಳಿಯದೆ ಉಳಿಯುವ ಮೆಮೊರಿಯಲ್ಲಿ ಬರೆದಿಟ್ಟುಕೊಳ್ಳುವುದು.

ಇನ್ನು ಪರಿವರ್ತನೆ. ಎಂಬಿಆರ್ ಪಟ್ಟಿಯನ್ನು ಯುಇಎಫ್‌ಐ ಕ್ರಮದ ಹೊಸ ಪಾರ್ಟಿಷನ್ ಪಟ್ಟಿಯಾದ ಜಿಪಿಟಿಗೆ ತಿರುಗಿಸುವಾಗ ಬಳಕೆದಾರನ ದತ್ತಾಂಶಗಳು ಇದ್ದಲ್ಲಿಯೇ ಇರುತ್ತವೆ. ಹೊಸದಾಗಿ ಲಿಖಿತವಾಗುವುವು ಡಿಸ್ಕಿನ ಆದ್ಯಂತಗಳೆರಡೇ. ಶಿರೋಲೇಖಕ್ಕೆ ಒಂದು, 128 ಬೈಟಿನ 128 ನಮೂದುಗಳಿಗೆ 32, ಹೀಗೆ ಮೊದಲ ಸೆಕ್ಟರಿನ ಬೆನ್ನಿಗೇ 33 ಸೆಕ್ಟರುಗಳೂ, ಪ್ರತಿರೂಪವಾಗಿ ಕೊನೆಯಲ್ಲಿ ಅಷ್ಟೇ ಸೆಕ್ಟರುಗಳೂ ಬೇಕು. ಗ್ರಬ್ ಬೀಡುಬಿಟ್ಟಿದ್ದ ತೆರಪು ಇದೇ ಆದುದರಿಂದ, ಜಿಪಿಟಿ ಬರೆದ ಕ್ಷಣದಲ್ಲಿಯೇ ಹಳೆಯ ಬೂಟ್ ಮಾರ್ಗ ಮುರಿದುಬೀಳುತ್ತದೆ. ಪೂರ್ವಭಾವಿಯಾಗಿ ಬ್ಯಾಕಪ್ ತೆಗೆದಿಡಬೇಕೆಂಬ ಎಚ್ಚರಿಕೆಯನ್ನು ನಾನು ಔಪಚಾರಿಕವೆಂದು ಎಣಿಸುವುದಿಲ್ಲ.

2017ರಲ್ಲಿ ವಿಂಡೋಸ್ 10ಕ್ಕೆ ಸೇರಿದ ಎಂಬಿಆರ್‌2ಜಿಪಿಟಿ ಎಂಬ ಸಾಧನವು ಬೂಟ್ ಕಡತಗಳನ್ನಿಡುವ ಹೊಸ ಪಾರ್ಟಿಷನ್ನನ್ನೂ ತಾನೇ ನಿರ್ಮಿಸುತ್ತದೆ. ಮೂರಕ್ಕಿಂತ ಹೆಚ್ಚು ಪ್ರಾಥಮಿಕ ಪಾರ್ಟಿಷನ್‌ಗಳಿದ್ದಲ್ಲಿ ಅದು ಕೈಚೆಲ್ಲುವುದು. ಲಿನಕ್ಸಿನಲ್ಲಿ ಒಂದು ಸೂಕ್ಷ್ಮವಾದ ತೊಡಕುಂಟು. ಬಯೋಸ್ ಕ್ರಮದಲ್ಲಿ ಎದ್ದ ವ್ಯವಸ್ಥೆಗೆ ಯುಇಎಫ್‌ಐ ಸೇವೆಗಳು ಎಟುಕದ ಕಾರಣ, ಫರ್ಮ್‌ವೇರಿನ ಮೆಮೊರಿಯಲ್ಲಿ ಹೊಸ ನಮೂದನ್ನು ಬರೆಯಲು ಅದು ಅಸಮರ್ಥ. ಆದುದರಿಂದ ಯುಇಎಫ್‌ಐ ಕ್ರಮದಲ್ಲಿಯೇ ಎಬ್ಬಿಸಿದ ಯುಎಸ್‌ಬಿ ಮಾಧ್ಯಮದಿಂದ ಗ್ರಬ್ಬನ್ನು ಸ್ಥಾಪಿಸುವುದು ಲೇಸು. ಅದೂ ಸಾಧ್ಯವಾಗದಲ್ಲಿ, ನಮೂದಿಲ್ಲದಿದ್ದರೂ ಫರ್ಮ್‌ವೇರ್ ಹುಡುಕಿ ನೋಡುವ ನಿಯತನಾಮವೊಂದುಂಟು: ಇಎಫ್‌ಐ ಫೋಲ್ಡರಿನೊಳಗಣ ಬೂಟ್ ಫೋಲ್ಡರಿನಲ್ಲಿ, 64 ಬಿಟ್ಟಿನ ಸಾಮಾನ್ಯ ಪಿಸಿಗಳಿಗೆ, ಬೂಟ್‌ಎಕ್ಸ್64 ಎಂಬ ಕಡತ. ಸೆಟಪ್ ಪರದೆಯ ಆಯ್ಕೆಯನ್ನು ಕಾಯಂ ಆಗಿ ಬದಲಿಸುವುದು ಇವೆಲ್ಲದರ ತರುವಾಯ. ಆಗಲೂ, ಯುಇಎಫ್‌ಐಗೆ ಒದಗುವ ಚಾಲಕವಿಲ್ಲದ ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದಲ್ಲಿ ಪರದೆ ಕತ್ತಲಾಗಿಯೇ ಉಳಿಯಬಹುದಾದುದರಿಂದ, ಅಂತಹ ಯಂತ್ರವನ್ನು ಬಯೋಸ್ ಕ್ರಮದಲ್ಲಿಯೇ ಬಿಡುವುದು ಯುಕ್ತ.