ವೇಷ ಬದಲಿಸಿದ ಜಪಾನಿ ಅಕ್ಷರ

ಜಪಾನಿನವರ ಹತ್ರ ಒಂದು ಛಲೋ ಶಬ್ದ ಅದ, ಮೊಜಿಬಾಕೆ. ಮೊಜಿ ಅಂದ್ರ ಅಕ್ಷರ, ಬಾಕೆ ಅಂದ್ರ ವೇಷ ಬದಲಿಸೋದು. ಅವರ ಹಳೇ ಕಥಿಯೊಳಗ ನರಿ ಹೆಂಗಸಿನ ರೂಪ ತಗೊಂಡು ಬರತದಲ್ಲ, ಅದಕ್ಕೂ ಇದೇ ಮಾತು. ಕಂಪ್ಯೂಟರಿನ್ಯಾಗ ಅಕ್ಷರ ಕೆಟ್ಟು ಏನರೆ ಕಂಡ್ರ ಅದು ಮೊಜಿಬಾಕೆ. ಜಪಾನಿ ಕಾರ್ಟೂನಿನ ಹಳೇ ಎಂಪಿ3 ಹಾಡು ಇಟಗೊಂಡಿರೋ ಹುಡುಗರ ಮನ್ಯಾಗ ನೋಡ್ರಿ, ಹಾಡು ಸರಿಯಾಗೇ ಕೇಳತದ, ಹೆಸರಿನ ಜಾಗಾದಾಗ ಮಾತ್ರ ಬಾಲ ಬಿಟ್ಟ ಇಂಗ್ಲಿಷ್ ಎಫ್‌ಗಳ ಸಾಲು!

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ ಅಕ್ಕಾರ, ನಂಬರ್ ಅಷ್ಟ ಗೊತ್ತು. ಇಂಗ್ಲಿಷಿಗೆ 128 ನಂಬರು ಸಾಕಾದ್ವು. ಜಪಾನಿನವರು 1978ರಾಗ ಮಾಡಿದ ಸರಕಾರಿ ಪಟ್ಟಿಯೊಳಗ ಬರೇ ಚೀನಿ ಮೂಲದ ಅಕ್ಷರಾನ 6,349 ಇದ್ದವು. ಅದಕ್ಕ ಒಂದು ಅಕ್ಷರಕ್ಕ ಎರಡು ನಂಬರು ಜೋಡಿಸಿದರು. 1980ರ ದಶಕದ ಮೊದಲಿಗೆ ಬಂದ ಶಿಫ್ಟ್-ಜಿಸ್ ಅನ್ನೋ ಪದ್ಧತಿ ಅಲ್ಲಿಯ ಮನಿಮನಿ ಕಂಪ್ಯೂಟರಿಗೆ ಹೊಕ್ಕಿತು. ‘ಕರಾಓಕೆ’ ಅಂತ ಬರದ್ರ ನಾಲ್ಕು ಅಕ್ಷರ, ನಾಲ್ಕಕ್ಕೂ ಮೊದಲನೇ ನಂಬರು 131. ಅದೇ 131 ಅನ್ನೋದು ಪಶ್ಚಿಮದ ವಿಂಡೋಸ್ ಪಟ್ಟಿಯೊಳಗ ಆ ಬಾಲದ ಎಫ್!

ಇನ್ನ ಹಾಡಿನ ಚೀಟಿ ಕಥಿ. 1996ರಾಗ ಎರಿಕ್ ಕೆಂಪ್ ಅನ್ನೋರು ಎಂಪಿ3 ಹಾಡಿನ ಕಡೀಕ 128 ಮನಿಯ ಸಣ್ಣ ಚೀಟಿ ಹಚ್ಚೋ ಉಪಾಯ ತಗದ್ರು. ಹಾಡಿನ ಹೆಸರಿಗೆ 30, ಹಾಡಿದವರಿಗೆ 30, ಆಲ್ಬಮ್ಮಿಗೆ 30. ಜಪಾನಿ ಹೆಸರಾದ್ರ ಹದಿನೈದೇ ಅಕ್ಷರಕ್ಕ ಜಾಗಾ ಮುಗೀತು. ಅದೂ ಹೋಗ್ಲಿ, ಈ ನಂಬರು ಯಾವ ಪಟ್ಟಿದು ಅಂತ ಬರಿಯೂ ಸಲುವಾಗಿ ಒಂದು ಮನಿನೂ ಇಡಲಿಲ್ಲ. ಜಪಾನಿನವರು ತಮ್ಮ ನಂಬರು ತುಂಬಿದರು, ಅವರಲ್ಲಿ ಛಂದ ಕಂಡ್ವು, ಬ್ಯಾರೆ ದೇಶಕ್ಕ ಹೋದಕೂಡ್ಲೆ ವೇಷ ಬದಲಿಸಿದ್ವು.

1998ರಾಗ ಬಂದ ಹೊಸಾ ಚೀಟಿಯೊಳಗ ಪಟ್ಟಿ ಯಾವುದು ಅಂತ ಹೇಳೋ ಜಾಗಾ ಇಟ್ಟರು. ಆದ್ರ ಆರಿಸಲಿಕ್ಕೆ ಇದ್ದದ್ದು ಪಶ್ಚಿಮ ಯುರೋಪಿನ ಪಟ್ಟಿ, ಇಲ್ಲಾ ಯುನಿಕೋಡ್. ಶಿಫ್ಟ್-ಜಿಸ್ ಇರಲೇ ಇಲ್ಲ. ಎಷ್ಟೋ ಸಾಫ್ಟ್‌ವೇರ್ ಒಳಗ ಜಪಾನಿ ನಂಬರು ಇಟ್ಟು ಮ್ಯಾಲ ‘ಯುರೋಪಿಂದು’ ಅಂತ ಬರದ್ವು. ಸಕ್ಕರಿ ಡಬ್ಬಿಗೆ ಉಪ್ಪಿನ ಚೀಟಿ ಹಚ್ಚಿಧಂಗ. ನನ್ನ ಕೇಳಿದ್ರ ಮೊದಲಿನ ಚೀಟಿಕಿಂತ ಇದೇ ದೊಡ್ಡ ತಪ್ಪು. ಮೊದಲಿಂದು ಸುಮ್ಮನಿತ್ತು, ಇದು ಸುಳ್ಳು ಹೇಳ್ತು.

ನಮಗೇನು ಇದು ಹೊಸಾದಲ್ಲ. ಹಳೇ ನುಡಿ, ಬರಹ ಫಾಂಟಿನ ಕನ್ನಡ ಕಾಗದ ಆ ಫಾಂಟ್ ಇಲ್ಲದ ಕಂಪ್ಯೂಟರಿನ್ಯಾಗ ತಗದ್ರ ಇಂಗ್ಲಿಷ್ ಚಿನ್ಹೆ ಕುಣೀತಿದ್ವಲ್ಲ, ಅದೂ ಇದೇ ಜಡ್ಡಿನ ತಂಗಿ. ಕನ್ನಡಕ್ಕ, ಜಪಾನಿಗೆ ಎರಡಕ್ಕೂ 1991ರ ಯುನಿಕೋಡ್ ಒಳಗ ಬ್ಯಾರೆಬ್ಯಾರೆ ನಂಬರು ಸಿಕ್ಕವು. ಹಳೇ ಹಾಡಿನ ಚೀಟಿ ಮಾತ್ರ ಹಂಗ ಉಳದವು.

ಕೆಟ್ಟಧಂಗ ಕಂಡ ಹೆಸರು ಬಹಳ ಸಲ ಕೆಟ್ಟಿರಂಗಿಲ್ಲ, ಒಳಗಿನ ನಂಬರು ಹಂಗ ಇರತಾವ. ಅದಕ್ಕ ಅಳಿಸಿ ಹೊಸದಾಗಿ ಟೈಪ್ ಮಾಡಬ್ಯಾಡ್ರಿ. ಹಾಡಿಂದು ಒಂದು ನಕಲು ತಗದಿಡ್ರಿ. ಚೀಟಿ ತಿದ್ದೋ ಸಾಫ್ಟ್‌ವೇರಿಗೆ ‘ಇದನ್ನ ಶಿಫ್ಟ್-ಜಿಸ್ ಅಂತ ಓದು’ ಅಂತ ಹೇಳಿ, ಒಂದೇ ಹಾಡಿನ ಮ್ಯಾಲ ನೋಡಿ, ಸರಿ ಕಂಡ್ರ ಯುನಿಕೋಡಿನ್ಯಾಗ ಉಳಿಸ್ರಿ. ಆದ್ರ ಯಾರರೆ ಮೊದಲೇ ಗಡಿಬಿಡಿಲೆ ಉಳಿಸಿ, ಅಕ್ಷರದ ಜಾಗಾದಾಗ ಬರೇ ಪ್ರಶ್ನಾರ್ಥಕ ಚಿನ್ಹೆ ಕುಂತಿದ್ರ ನಂಬರು ಹೋದ್ವು ಅಂತನ ತಿಳೀರಿ. ಆಗ ಸೀಡಿ ಕವರಿನ ಮ್ಯಾಲಿನ ಹೆಸರು ನೋಡಿ ಬರಕೋಬೇಕು, ಕವರು ರದ್ದಿಗೆ ಹೋಗಿರಲಿಲ್ಲ ಅಂದ್ರ.