ರೈಲು ಹತ್ತುವ ಬೈಕಿಗೆ ಗೋಣಿ ಯಾಕೆ ಬಂತು

ಬೆಂಗಳೂರಿನಂಥ ದೊಡ್ಡ ನಿಲ್ದಾಣಗಳ ಪಾರ್ಸೆಲ್ ಆಫೀಸಿನ ಆಸುಪಾಸಿನಲ್ಲಿ ಬೈಕಿಗೆ ಗೋಣಿತಾಟು ಹೊಲಿಯುವುದು ಒಂದು ಕಸುಬಾಗಿಯೇ ಬೆಳೆದಿದೆ. ಪೆಟ್ರೋಲ್ ಬಸಿದು, ಕನ್ನಡಿ ಬಿಚ್ಚಿ, ಟ್ಯಾಂಕು, ಹೆಡ್‌ಲೈಟುಗಳ ಮೇಲೆ ಹುಲ್ಲನ್ನೋ ಹಳೆಯ ರಟ್ಟನ್ನೋ ಹೊದಿಸಿ, ದಬ್ಬಣದಲ್ಲಿ ಸುತಲಿ ಪೋಣಿಸಿ ಹೊಲಿದರೆ ಗಾಡಿ ಮೂಟೆಯಾಗುತ್ತದೆ. ಹೊರಡುವ ಊರು, ತಲುಪುವ ಊರಿನ ಹೆಸರು ಮೇಲೆ ಬರೆದರೆ ಕೆಲಸ ಮುಗಿಯಿತು. ಹೊಲಿಯುವವರ ಕೈಚಳಕ ದೊಡ್ಡದು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಈ ಪದ್ಧತಿ ಬೈಕನ್ನು ಕಾಪಾಡಲೆಂದೇ ಹುಟ್ಟಿತು ಎಂಬ ನಂಬಿಕೆಯನ್ನು ಒಪ್ಪುವುದು ಕಷ್ಟ. ಗೋಣಿ ಉಳಿದುಬಂದಿರುವುದಕ್ಕೆ ಹಾನಿಯ ಹೊಣೆ ಯಾರದು ಎಂಬ ಪ್ರಶ್ನೆಯೇ ಮುಖ್ಯ ಕಾರಣ. ಬೈಕು ಬೀಳದಂತೆ ನೋಡಿಕೊಳ್ಳುವ ವಿದ್ಯೆ ಬೆಳೆದದ್ದು ಬೇರೆ ಕಡೆ.

ಮೊದಲು ಕಾನೂನು ನೋಡೋಣ. 1890ರ ರೈಲ್ವೆ ಕಾಯ್ದೆಯಡಿ ರೈಲ್ವೆಯ ಹೊಣೆ ಸೀಮಿತವಾಗಿತ್ತು. ಒಪ್ಪಿಸಿದ ಸರಕನ್ನು ಸಾಧಾರಣ ಎಚ್ಚರವುಳ್ಳ ಮನುಷ್ಯ ನೋಡಿಕೊಳ್ಳುವಷ್ಟು ನೋಡಿಕೊಂಡರೆ ಸಾಕಿತ್ತು. 1961ರ ತಿದ್ದುಪಡಿಯಿಂದ ಆ ಹೊಣೆ ಬಿಗಿಯಾಯಿತು. ಈಗಿರುವ 1989ರ ಕಾಯ್ದೆಯ 93ನೇ ಕಲಮು ಸಾಗಣೆಯಲ್ಲಾಗುವ ಹಾನಿಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ರೈಲ್ವೆಯ ಹೆಗಲಿಗೇ ಹಾಕುತ್ತದೆ. ಆದರೆ 98ನೇ ಕಲಮು ಒಂದು ಬಾಗಿಲು ತೆರೆದಿಟ್ಟಿದೆ: ಸರಕಿನ ಪ್ಯಾಕಿಂಗ್ ಸರಿಯಿಲ್ಲವೆಂದು ಕಳಿಸುವವರೇ ಫಾರ್ವರ್ಡಿಂಗ್ ನೋಟಿನಲ್ಲಿ ಬರೆದುಕೊಟ್ಟಿದ್ದರೆ, ಅದರಿಂದಾದ ಹಾನಿಗೆ ರೈಲ್ವೆ ಹೊಣೆಯಲ್ಲ, ಸಿಬ್ಬಂದಿಯ ನಿರ್ಲಕ್ಷ್ಯವನ್ನು ಸಾಬೀತು ಮಾಡಿದರೆ ಮಾತ್ರ ಬೇರೆ ಮಾತು. ಹೀಗಿರುವಾಗ ಹೊಲಿದ ಗೋಣಿಯೇ ‘ಪ್ಯಾಕಿಂಗ್ ಆಗಿದೆ’ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. ಗುಮಾಸ್ತರಿಗೂ ಗಿರಾಕಿಗೂ ಅದು ಬೇಕು. ಒಳಗಿನ ಬೈಕು ಎಷ್ಟು ಭದ್ರವಾಗಿ ನಿಂತಿದೆ ಎಂಬುದನ್ನು ಆ ಸಾಕ್ಷಿ ಹೇಳುವುದಿಲ್ಲ. ಪೆಟ್ರೋಲ್ ಬಸಿಯುವ ನಿಯಮದ ವಿಷಯ ಹಾಗಲ್ಲ, ಅದು ನಿಜಕ್ಕೂ ಜೀವ ಉಳಿಸುವ ನಿಯಮ. ಅಪಾಯಕಾರಿ ಸರಕನ್ನು ಅಕ್ರಮವಾಗಿ ರೈಲಿಗೆ ತಂದರೆ ಅದೇ ಕಾಯ್ದೆಯ 164ನೇ ಕಲಮಿನಂತೆ ಮೂರು ವರ್ಷದವರೆಗೆ ಜೈಲಾಗಬಹುದು.

ಬೈಕನ್ನು ಅಲುಗದಂತೆ ಹಿಡಿದಿಡುವ ವಿದ್ಯೆಗೆ ಎರಡನೇ ಮಹಾಯುದ್ಧ ಒಳ್ಳೆಯ ಪುರಾವೆ ಕೊಡುತ್ತದೆ. ಬ್ರಿಟಿಷ್ ಸೇನೆಗೆ ವಿಮಾನದಿಂದ ಇಳಿಯುವ ಸೈನಿಕರ ಜೊತೆಗೇ ಬೈಕು ಇಳಿಸಬೇಕಿತ್ತು. ಒಂದು ಉತ್ತರ ‘ವೆಲ್‌ಬೈಕ್’. 98 ಸಿಸಿ ಎಂಜಿನ್ನಿನ ಆ ಪುಟ್ಟ ಗಾಡಿಯ ಹ್ಯಾಂಡಲ್ ಮಡಚಿ, ಸೀಟು ತಗ್ಗಿಸಿ, ಪ್ಯಾರಾಶೂಟ್ ಕಟ್ಟಿದ ಉದ್ದನೆಯ ಡಬ್ಬಿಯೊಳಗೆ ಇಡುತ್ತಿದ್ದರು. ಇನ್ನೊಂದು, ರಾಯಲ್ ಎನ್‌ಫೀಲ್ಡ್‌ನ 125 ಸಿಸಿ ‘ಫ್ಲೈಯಿಂಗ್ ಫ್ಲೀ’. ಅದನ್ನು ಉಕ್ಕಿನ ಕೊಳವೆಗಳ ಚೌಕಟ್ಟಿನೊಳಗೆ ನಿಲ್ಲಿಸಿ ಬಿಗಿದು, ಚೌಕಟ್ಟಿಗೇ ಪ್ಯಾರಾಶೂಟ್ ಕಟ್ಟಿ ಕೆಳಕ್ಕೆ ಬಿಡುತ್ತಿದ್ದರು. ಅಲ್ಲಿ ಬಣ್ಣಕ್ಕೆ ಗೀರು ಬಿದ್ದರೆ ಕೇಳುವವರಿರಲಿಲ್ಲ, ಇಳಿದ ಗಾಡಿ ಸ್ಟಾರ್ಟ್ ಆಗಬೇಕಿತ್ತು ಅಷ್ಟೆ. ಆದ್ದರಿಂದ ನೆಲ ಮುಟ್ಟುವಾಗಿನ ಪೆಟ್ಟನ್ನು ಬೈಕಿಗಿಂತ ಮೊದಲು ಚೌಕಟ್ಟೇ ತಿನ್ನುವಂತೆ ಮಾಡಿದರು. ಇಂದು ಟ್ರಕ್ಕಿನಲ್ಲಿ ಬೈಕು ಕಟ್ಟುವ ಒಳ್ಳೆಯ ಕ್ರಮದಲ್ಲಿರುವುದೂ ಇದೇ ತತ್ವ. ಮುಂದಿನ ಚಕ್ರವನ್ನು ಒಂದು ಹಿಡಿಕೆಯೊಳಗೆ ಕೂರಿಸಿ, ಹ್ಯಾಂಡಲಿನ ಕೆಳಗಿರುವ ಫೋರ್ಕ್ ಕ್ಲಾಂಪಿನಿಂದ ಎರಡು ರ‍್ಯಾಚೆಟ್ ಪಟ್ಟಿಗಳನ್ನು ಎರಡು ಬದಿಗೆ, ಮುಂದಕ್ಕೆ ಓರೆಯಾಗಿ ಎಳೆದು, ಸ್ಪ್ರಿಂಗು ಅರೆಬರೆ ಕುಗ್ಗುವವರೆಗೆ ಬಿಗಿಯುತ್ತಾರೆ. ಹಿಂದಿನ ಭಾಗಕ್ಕೆ ಇನ್ನೆರಡು ಪಟ್ಟಿ. ಸೈಡ್ ಸ್ಟ್ಯಾಂಡ್ ಮಡಚಿರಬೇಕು. ಇಲ್ಲವಾದರೆ ಪಟ್ಟಿಗಳ ಎಳೆತವೆಲ್ಲ ಆ ಒಂದು ಕಾಲಿನ ಮೇಲೆ ಬಿದ್ದು, ಅದು ಬಾಗುತ್ತದೆ ಇಲ್ಲವೇ ಚೌಕಟ್ಟಿನ ಬೆಸುಗೆ ಬಿಡುತ್ತದೆ.

ಗೋಣಿ ಸುತ್ತಿ ಕಳಿಸಿದ ಎಷ್ಟೋ ಬೈಕುಗಳು ದಶಕಗಳಿಂದ ಕ್ಷೇಮವಾಗಿ ತಲುಪಿಲ್ಲವೇ ಎಂದು ಕೇಳಬಹುದು. ತಲುಪಿವೆ. ಅದಕ್ಕೆ ಕಾರಣ ಗೋಣಿಗಿಂತ ಹೆಚ್ಚಾಗಿ ಆ ಕಾಲದ ಗಾಡಿಗಳು. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ, ಆಮೇಲಿನ ಯೆಜ್ದಿ, ಮದರಾಸಿನ ಬುಲೆಟ್ ಇವುಗಳ ಟ್ಯಾಂಕು, ಮಡ್‌ಗಾರ್ಡುಗಳು ಗಟ್ಟಿ ಉಕ್ಕಿನವು. ಪಕ್ಕಕ್ಕೆ ಒರಗಿದರೂ ತಗ್ಗು ಬೀಳುತ್ತಿತ್ತೇ ಹೊರತು ಒಡೆಯುತ್ತಿರಲಿಲ್ಲ, ತಗ್ಗನ್ನು ಮೇಸ್ತ್ರಿ ತಟ್ಟಿ ಎಬ್ಬಿಸುತ್ತಿದ್ದ. ಈಗಿನ ಪ್ಲಾಸ್ಟಿಕ್ ಫೇರಿಂಗಾಗಲಿ ಡಿಸ್ಕ್ ಬ್ರೇಕಾಗಲಿ ಅಂಥ ಪೆಟ್ಟನ್ನು ತಾಳುವುದಿಲ್ಲ, ತೂಕವೂ ಕೆಲವು ಮಾದರಿಗಳಲ್ಲಿ 200 ಕಿಲೋ ದಾಟಿದೆ. ಪಟ್ಟಿ, ಹಿಡಿಕೆ ಇವೆಲ್ಲ ದುಬಾರಿ, ನಿಲ್ದಾಣದಲ್ಲಿ ಕೆಲವೇ ನಿಮಿಷ ನಿಲ್ಲುವ ರೈಲಿನಲ್ಲಿ ಬಿಗಿಯಲು ವ್ಯವಧಾನವೆಲ್ಲಿ ಎಂಬ ಮಾತು ಆ ಮೊದಲ ಪ್ರಶ್ನೆಗಿಂತ ತೂಕದ್ದು. ಹಮಾಲರು ಆ ಕೆಲವು ನಿಮಿಷಗಳಲ್ಲೇ ಗಾಡಿ ಏರಿಸಬೇಕು, ಇಳಿಸಬೇಕು; ತಪ್ಪನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಈ ಆತುರವೇ ನನ್ನ ವಾದಕ್ಕೆ ಬಲ ಕೊಡುತ್ತದೆ. ಬೈಕನ್ನು ಮೊದಲೇ ಅಗಲ ತಳದ ಚೌಕಟ್ಟಿಗೆ ಬಿಗಿದಿಟ್ಟರೆ ರೈಲಿನ ಡಬ್ಬಿಯೊಳಗೆ ಕಟ್ಟುವ ಕೆಲಸವೇ ಕಡಿಮೆ. ಒಮ್ಮೆ ಮಾಡಿಸಿದ ಉಕ್ಕಿನ ಚೌಕಟ್ಟು ನೂರಾರು ಸಲ ಬಳಕೆಗೆ ಬರುತ್ತದೆ, ಗೋಣಿಯಾದರೋ ಪ್ರತಿ ಸಲವೂ ಹೊಸದು. ಹೊಲಿಯುವವರು ಇಂಥ ಚೌಕಟ್ಟುಗಳನ್ನು ಬಾಡಿಗೆಗೆ ಕೊಡುವಂತಾದರೆ ಅವರ ದುಡಿಮೆಯೂ ಉಳಿಯುತ್ತದೆ.

ಅಂಥ ಚೌಕಟ್ಟುಗಳು ಬರುವ ತನಕ ಗಾಡಿ ಕಳಿಸುವವರು ಒಂದು ಕೆಲಸ ಮಾಡಬಹುದು. ಬೈಕಿನ ನಿಜವಾದ ಬೆಲೆಯನ್ನು ಘೋಷಿಸಿ, ಅದಕ್ಕೆ ತಕ್ಕ ಹೆಚ್ಚುವರಿ ಶುಲ್ಕ ಕಟ್ಟಿ ರಸೀದಿ ಪಡೆಯಿರಿ. ಬೆಲೆ ಘೋಷಿಸದಿದ್ದರೆ 1989ರ ಕಾಯ್ದೆಯ 103ನೇ ಕಲಮಿನಂತೆ ಪರಿಹಾರಕ್ಕೆ ಮಿತಿಯಿದೆ, ಆ ಮಿತಿಯನ್ನು ಲೆಕ್ಕ ಹಾಕುವುದು ಸರಕಿನ ತೂಕದ ಮೇಲೆ.