ಟು-ಲೆಟ್ ಬೋರ್ಡಿನ ಕಾಲ

ನಮ್ಮೂರಲ್ಲಿ ಬಾಡಿಗೆ ಬೋರ್ಡು ಅಂತಲೇ ಇರಲಿಲ್ಲ. ಬೆಂಗಳೂರಿಗೆ ಬಂದಮೇಲೆ ಗೇಟುಗಳಲ್ಲಿ 'ಟು-ಲೆಟ್' ಹುಡುಕುತ್ತಾ ಅಲೆದೆ. ಆಷಾಢದಲ್ಲಿ ಅವು ಸುಮ್ಮನೆ ನೇತಾಡುತ್ತಿರ್ತವೆ, ಹಾಲುಕ್ಕಿಸೋರು ಕಡಿಮೆ.

19ನೇ ಶತಮಾನದ ನ್ಯೂಯಾರ್ಕಿನಲ್ಲೂ ಬೋರ್ಡಿಗೊಂದು ಕಾಲವಿತ್ತು. ಫೆಬ್ರವರಿ 1ಕ್ಕೆ ಮಾಲೀಕರು ಹೊಸ ಬಾಡಿಗೆ ಹೇಳುತ್ತಿದ್ದರು. ಒಪ್ಪದಿದ್ದರೆ, ಜನ ಒಳಗಿರುವಾಗಲೇ ಮನೆ ಮೇಲೆ ಟು-ಲೆಟ್ ಚೀಟಿ! ಮೇ 1ರ ಬೆಳಿಗ್ಗೆ 9ಕ್ಕೆ ಕರಾರು ಮುಗಿದು, ಊರಿಗೆ ಊರೇ ಗಾಡಿಗೆ ಸಾಮಾನು ಹೇರುತ್ತಿತ್ತು. ಗಾಡಿಯವರು ಕೇಳಿದ್ದೇ ರೇಟು. ಎರಡನೇ ಮಹಾಯುದ್ಧದ ಹೊತ್ತಿಗೆ ಮನೆಗಳ ಕೊರತೆ, ಬಾಡಿಗೆ ನಿಯಂತ್ರಣ ಬಂದು ಆ ಪದ್ಧತಿ ಮುಗಿಯಿತು.

ನಾನು ಆಷಾಢದಲ್ಲೇ ಮನೆ ಹಿಡಿದೆ. ಹತ್ತು ತಿಂಗಳ ಅಡ್ವಾನ್ಸು ಆರಕ್ಕೆ ಇಳೀತು. ಅಮ್ಮ ಮಾತ್ರ ಶ್ರಾವಣ ಬರೋವರೆಗೂ ಹೊಸಿಲು ದಾಟಲಿಲ್ಲ.